ಮೈಕಿನಲ್ಲಿ ಆಡಿದ ಮಾತು

ಅವರ ಬೆರಳ ತುದಿಗಳಲ್ಲಿ ಗೆರೆಗಳೇ ಇರಲಿಲ್ಲ. ಸುಣ್ಣ ಚರ್ಮವನ್ನು ತಿಂದು ತಿಂದು ನುಣ್ಣಗೆ ಮಾಡಿತ್ತು. ಉಗುರಿನ ಸುತ್ತ ಬಿರಿದ ಸೀಳುಗಳಲ್ಲಿ ಬಿಳಿ ಕೂತಿರುತ್ತಿತ್ತು. ಆಧಾರ್ ಮಾಡಿಸಲು ಕುಮಟೆಗೆ ಹೋದಾಗ ಯಂತ್ರದ ಮೇಲೆ ಎಷ್ಟು ಒತ್ತಿದರೂ ಅಚ್ಚು ಮೂಡಲಿಲ್ಲವಂತೆ. "ಹತ್ತು ಬೆರಳೂ ಇಟ್ಟಾತು ಮೈಕಣ್ಣ. ನಾ ಯಾರು ಅಂತ ಸರ್ಕಾರಕ್ಕೆ ಗೊತ್ತಾಗ್ಲೇ ಇಲ್ಲ" ಎಂದು ನನ್ನ ಬಳಿ ಹೇಳಿಕೊಂಡು ನಗುತ್ತಿದ್ದರು.

ಅವರು ನಮ್ಮ ಕಡೆಯ ಫುಟ್‌ಬಾಲ್ ಪಂದ್ಯಗಳ ರೆಫ್ರಿ. ಭಟ್ಕಳದಿಂದ ಕುಮಟೆಯವರೆಗೆ ಎಲ್ಲಿ ಪಂದ್ಯ ನಡೆದರೂ ಅವರೇ ಬೇಕಿತ್ತು. ಆಟಗಾರರು, ಸಮಿತಿಯವರು, ಚಾ ಅಂಗಡಿಯವರು ಎಲ್ಲರೂ ಅವರನ್ನು "ರೆಫ್ರಿ" ಎಂದೇ ಕರೆಯುತ್ತಿದ್ದರು. ನಾನು ಅವರಿಗಿಂತ ಹನ್ನೆರಡು ವರ್ಷ ದೊಡ್ಡವನು. ಎದುರಿಗೆ ಏಕವಚನದಲ್ಲೇ ಮಾತಾಡುತ್ತಿದ್ದೆ. ಈಗ ಬರೆಯಲು ಕೂತರೆ ಕೈ ಆ ಏಕವಚನವನ್ನು ಬರೆಯಲು ಒಪ್ಪುತ್ತಿಲ್ಲ.

ಹೊಟ್ಟೆಪಾಡಿಗೆ ಅವರು ಹೊಳೆದಂಡೆಯ ಅಘನಾಶಿನಿ ಊರಿನಲ್ಲಿ ಸುಣ್ಣ ಸುಡುತ್ತಿದ್ದರು. ಹೊಳೆಯಲ್ಲಿ ಸಿಗುವ ಬಳಚಿನ ಚಿಪ್ಪಿಯನ್ನು ಭಟ್ಟಿಯಲ್ಲಿ ಸುಟ್ಟು ಮಾಡುವ ಸುಣ್ಣ. ಪಂದ್ಯದ ದಿನ ಬೆಳಿಗ್ಗೆ ಮೊದಲ ಬಸ್ಸಿಗೆ ಕುಮಟೆಗೆ ಬಂದು, ಅಲ್ಲಿಂದ ಇನ್ನೊಂದು ಬಸ್ಸು ಹಿಡಿದು, ಅರ್ಧ ಚೀಲ ಸುಣ್ಣದೊಂದಿಗೆ ನಮ್ಮ ಹಳದೀಪುರದಲ್ಲಿ ಇಳಿಯುತ್ತಿದ್ದರು. ಕೊಯ್ಲಾದ ಗದ್ದೆಯೇ ನಮ್ಮ ಮೈದಾನ. ಕೂಳೆ ಕೆತ್ತಿ, ಬದು ಒಡೆದು, ನೀರು ಹೊಡೆದು ಗಟ್ಟಿ ಮಾಡಿದ ನೆಲದ ಮೇಲೆ ಅವರು ಮುಷ್ಟಿಯಲ್ಲಿ ಸುಣ್ಣ ಹಿಡಿದು ಹಿಮ್ಮುಖವಾಗಿ ನಡೆಯುತ್ತ ಗೆರೆ ಬಿಡುತ್ತಿದ್ದರು. ಬೇರೆಯವರು ತೂತಿನ ಡಬ್ಬ ಬಳಸುತ್ತಾರೆ. ಇವರಿಗೆ ಮುಷ್ಟಿಯೇ ಡಬ್ಬ. ನಾನು ಮೈಕಿನ ಕಂಬ ನೆಡುತ್ತ ನೋಡುತ್ತಿದ್ದೆ. ಹಗ್ಗ ಎಳೆದು ಪರೀಕ್ಷಿಸಿದವರು ಸೋಲುತ್ತಿದ್ದರು, ಗೆರೆ ಅಷ್ಟು ನೇರ. ದನ ಅಡ್ಡ ಬಂದರೆ ಸುಮ್ಮನಿರುತ್ತಿದ್ದರು, ಮನುಷ್ಯ ತುಳಿದರೆ ಬೈಯುತ್ತಿದ್ದರು. "ಹೋಯ್, ದನಕ್ಕೆ ಗೊತ್ತಿಲ್ಲ. ನಿಂಗೂ ಗೊತ್ತಿಲ್ಯಾ?"

ಆಟದೊಳಗೆ ಅವರು ಯಾರ ಜೊತೆಗೂ ವಾದ ಮಾಡಿದವರಲ್ಲ. ಸೀಟಿ ಊದಿದ ಮೇಲೆ ಆಟಗಾರ ಮೈಮೇಲೆ ಏರಿ ಬಂದರೆ, ಬಗ್ಗಿ ತಮ್ಮ ಬೂಟಿನ ಲೇಸು ಬಿಚ್ಚಿ ಮತ್ತೆ ಕಟ್ಟಲು ಶುರು ಮಾಡುತ್ತಿದ್ದರು. ಅವನು ಕೂಗಿ ಸುಸ್ತಾಗುವವರೆಗೂ ಕಟ್ಟುತ್ತಿದ್ದರು. ಆಮೇಲೆ ಎದ್ದು, "ಮುಗೀತಾ? ಹಂಗಾರೆ ಆಡು" ಎನ್ನುತ್ತಿದ್ದರು. ಎಂಥ ರೌಡಿ ಫಾರ್ವರ್ಡ್ ಆದರೂ ಇದಕ್ಕೆ ನಗಲೇಬೇಕು.

ಇನ್ನು ನನ್ನ ವಿಷಯ. ನಾನು ಎಸ್ಸೆಸ್ಸೆಲ್ಸಿ ಪಾಸಾಗಿ ಮೈಕ್ ಸೆಟ್ಟಿನ ಅಂಗಡಿ ಇಟ್ಟವನು. ಮದುವೆ, ಸಭೆ, ಚುನಾವಣೆ ಎಲ್ಲಕ್ಕೂ ನನ್ನದೇ ಹಾರ್ನ್. ಆದರೆ ನನಗೆ ಹೆಸರು ಬಂದದ್ದು ಪಂದ್ಯದ ಕಾಮೆಂಟ್ರಿಯಿಂದ. ನಮ್ಮ ಕಡೆ ಕಾಮೆಂಟ್ರಿ ಎಂದರೆ ಯಾರಿಗೆ ಚೆಂಡು ಸಿಕ್ಕಿತು ಎಂದು ಹೇಳುವುದಷ್ಟೇ ಅಲ್ಲ. ಮೈಕಿನವನು ಪ್ರತಿ ಆಟಗಾರನಿಗೂ ಒಂದು ಅಡ್ಡ ಹೆಸರು ಕಟ್ಟಬೇಕು, ಜನರನ್ನು ನಗಿಸಬೇಕು. ಮೀನಿನ ಹಾಗೆ ಕೈಗೆ ಸಿಗದ ಒಬ್ಬ ಹುಡುಗನಿಗೆ ನಾನು "ತೆಂಗಿನಗುಂಡಿಯ ಬಂಗಡೆ" ಎಂದು ಹೆಸರಿಟ್ಟೆ. ಅವನ ಮದುವೆಯ ಕಾಗದದಲ್ಲೂ ಅದು ಅಚ್ಚಾಯಿತು. ನಾನು ಇಟ್ಟ ಹೆಸರು ಗದ್ದೆ ದಾಟಿ ಊರೂರಿಗೆ ಹೋಗುತ್ತಿತ್ತು. ಅದು ನನ್ನ ಜಂಬ. ಜನ ನಕ್ಕರೆ ನನಗೆ ಇನ್ನೇನೂ ಕಾಣುತ್ತಿರಲಿಲ್ಲ.

ರೆಫ್ರಿಯೂ ನಾನೂ ಇಪ್ಪತ್ತು ವರ್ಷ ಪಂದ್ಯ ಮುಗಿದ ಮೇಲೆ ಒಂದೇ ಅಂಗಡಿಯಲ್ಲಿ ಚಾ ಕುಡಿದವರು. ಅವರಿಗೆ ಸಕ್ಕರೆ ಇಲ್ಲದ ಚಾ, ಜೊತೆಗೆ ಎರಡು ಬನ್ಸು. "ಸಕ್ಕರೆ ಬನ್ಸಲ್ಲಿ ಅದೆ, ಎರಡೆರಡು ಸಲ ಎಂತಕ್ಕೆ?" ಎನ್ನುವುದು ಅವರ ಲೆಕ್ಕ.

ಅವರು ಮದುವೆಯಾಗಿರಲಿಲ್ಲ. ಅಘನಾಶಿನಿಯ ಮನೆಯಲ್ಲಿ ಅವರ ಜೊತೆ ಇನ್ನೊಬ್ಬರಿದ್ದರು. ಹೊಳೆಗೆ ಇಳಿದು ಚಿಪ್ಪಿ ತೆಗೆಯುವವರು, ಮಾತು ಕಡಿಮೆ, ಅವರದೇ ವಯಸ್ಸಿನ ಗಂಡಸು. ಒಬ್ಬರು ತೆಗೆದ ಚಿಪ್ಪಿಯನ್ನು ಇನ್ನೊಬ್ಬರು ಸುಡುತ್ತಿದ್ದರು. ಊರಿನವರು ಅವರನ್ನು "ರೆಫ್ರಿಯ ಭಾವ" ಎನ್ನುತ್ತಿದ್ದರು. ರೆಫ್ರಿಗೆ ಅಕ್ಕ ತಂಗಿಯರೇ ಇರಲಿಲ್ಲ ಎಂಬುದು ಅಲ್ಲಿಯ ಪ್ರತಿ ಮನೆಗೂ ಗೊತ್ತಿತ್ತು. ಆದರೂ ಭಾವ ಎನ್ನುತ್ತಿದ್ದರು. ಮದುವೆಗೆ ಕರೆಯುವಾಗಲೂ "ನೀವೂ ಭಾವನೂ ಬನ್ನಿ" ಎಂದೇ ಕರೆಯುತ್ತಿದ್ದರು. ಕೇಳಬಾರದ್ದನ್ನು ಕೇಳದೆ ಇರಲು ಊರು ತಾನೇ ಕಂಡುಕೊಂಡ ದಾರಿ ಅದು. ಆ ಒಂದು ಶಬ್ದದ ಮರೆಯಲ್ಲಿ ಇಬ್ಬರೂ ಇಪ್ಪತ್ತೈದು ವರ್ಷ ನೆಮ್ಮದಿಯಾಗಿ ಬದುಕಿದ್ದರು. ಭಾವ ಪಂದ್ಯ ನೋಡಲು ಬರುತ್ತಿದ್ದರು. ಜನರ ನಡುವೆ ಕೂರದೆ, ಗದ್ದೆಯಂಚಿನಲ್ಲಿ ಕೊಡೆ ಊರಿಕೊಂಡು ನಿಲ್ಲುತ್ತಿದ್ದರು. ಆಟ ನೋಡುತ್ತಿರಲಿಲ್ಲ, ರೆಫ್ರಿಯನ್ನು ನೋಡುತ್ತಿದ್ದರು.

ಒಂದು ಸಲ ಪಂದ್ಯದ ಪಟ್ಟಿ ಕೊಡಲು ನಾನು ಹೇಳದೆ ಕೇಳದೆ ಅವರ ಮನೆಗೆ ಹೋದೆ. ಮಧ್ಯಾಹ್ನದ ಊಟದ ಹೊತ್ತು. ಬಾಗಿಲು ತೆರೆದೇ ಇತ್ತು. ಜಗಲಿಯಲ್ಲಿ ರೆಫ್ರಿ ಕಣ್ಣು ಮುಚ್ಚಿ ಕೂತಿದ್ದರು. ಭಾವ ಅವರ ಕೈಯನ್ನು ತಮ್ಮ ತೊಡೆಯ ಮೇಲಿಟ್ಟುಕೊಂಡು ಒಂದೊಂದೇ ಬೆರಳಿಗೆ ಕೊಬ್ಬರಿ ಎಣ್ಣೆ ಹಚ್ಚಿ ತಿಕ್ಕುತ್ತಿದ್ದರು. ಬಿರುಕಿನೊಳಗಿನ ಸುಣ್ಣ ತೆಗೆಯುತ್ತಿದ್ದರು, ಅನ್ನ ಕಲಸುವಾಗ ಉರಿಯಬಾರದೆಂದು. ನನ್ನನ್ನು ಕಂಡು ಭಾವ ಕೈ ಬಿಟ್ಟರು. ರೆಫ್ರಿ ಕಣ್ಣು ತೆರೆದು ನನ್ನನ್ನು ನೋಡಿದರು. ಆಮೇಲೆ, ನಾನು ನೋಡುತ್ತಿದ್ದಂತೆಯೇ, ಕೈಯನ್ನು ಮತ್ತೆ ಅವರ ತೊಡೆಯ ಮೇಲಿಟ್ಟು, "ಕೂತ್ಕಳಿ ಮೈಕಣ್ಣ, ಊಟ ಮಾಡ್ಕಂಡೇ ಹೋಗಿ" ಎಂದರು.

ಅದು ನನ್ನ ಮೇಲಿಟ್ಟ ನಂಬಿಕೆ. ಆಗಲೂ ನನಗೆ ಅದು ಅರ್ಥವಾಗಿತ್ತು. ಅರ್ಥವಾಗಲಿಲ್ಲ ಎಂದು ಸುಳ್ಳು ಹೇಳಲಾರೆ. ಆ ದಿನ ಅವರ ಮನೆಯಲ್ಲಿ ಉಂಡು ಬಂದೆ.

ಎರಡು ವರ್ಷದ ಮೇಲೆ ನಮ್ಮೂರಿನ ಫೈನಲ್. ನಮ್ಮ ತಂಡಕ್ಕೂ ಭಟ್ಕಳದ ತಂಡಕ್ಕೂ. ಗದ್ದೆಯ ಸುತ್ತ ಎರಡು ಸಾವಿರ ಜನ ಇದ್ದರು. ತೆಂಗಿನ ಮರದ ಮೇಲೂ ಹುಡುಗರು. ಆಟ ಮುಗಿಯಲು ಮೂರೋ ನಾಲ್ಕೋ ನಿಮಿಷ ಇರುವಾಗ ನಮ್ಮವರು ಗೋಲು ಹೊಡೆದರು. ಗದ್ದೆಗೆ ಗದ್ದೆಯೇ ಎದ್ದು ಕುಣಿಯಿತು. ರೆಫ್ರಿ ಸೀಟಿ ಊದಿ ಕೈ ಅಡ್ಡ ಆಡಿಸಿದರು. ಗೋಲು ಇಲ್ಲ, ಚೆಂಡು ನಮ್ಮವನ ಕೈಗೆ ತಾಗಿದೆ.

ತಾಗಿತ್ತು. ನಾನು ಕಟ್ಟೆಯ ಮೇಲೆ, ಮೇಜು ಹಾಕಿಕೊಂಡು, ಎಲ್ಲರಿಗಿಂತ ಎತ್ತರದಲ್ಲಿ ಕೂತಿದ್ದವನು. ಚೆಂಡು ಅವನ ಮೊಣಕೈಗೆ ಬಡಿದು ತಿರುಗಿದ್ದನ್ನು ಕಣ್ಣಾರೆ ಕಂಡಿದ್ದೆ. "ಕೈಗೆ ತಾಗಿದೆ, ರೆಫ್ರಿ ಹೇಳಿದ್ದು ಸರಿ" ಎಂದು ಮೈಕಿನಲ್ಲಿ ಒಂದು ಮಾತು ಹೇಳಿದ್ದರೆ ಜನ ಗೊಣಗಿಕೊಂಡು ಕೂರುತ್ತಿದ್ದರು. ನಾನು ಹೇಳಿದರೆ ಕೇಳುತ್ತಿದ್ದರು. ಆದರೆ ಜನ ಸಿಟ್ಟಿನಲ್ಲಿದ್ದರು, ನನ್ನ ಕಡೆ ನೋಡುತ್ತಿದ್ದರು, ನನ್ನ ಬಾಯಿಂದ ಏನೋ ಬೇಕಾಗಿತ್ತು ಅವರಿಗೆ. ರೆಫ್ರಿ ಎಂದಿನಂತೆ ಬಗ್ಗಿ ಲೇಸು ಕಟ್ಟುತ್ತಿದ್ದರು.

ನಾನು ಮೈಕ್ ಎತ್ತಿ ಅಂದೆ: "ರೆಫ್ರಿಯವರ ಕಣ್ಣಿಗೆ ಎಂತಾಯ್ತು ಮಾರಾಯ್ರೆ? ಪಾಪ, ಅವರ ತಪ್ಪಲ್ಲ. ರಾತ್ರಿಯಿಡೀ ಭಾವ ಎಣ್ಣೆ ಹಚ್ಚಿ ತಿಕ್ಕಿದ್ರೆ ನಿದ್ದೆ ಎಲ್ಲಿಂದ ಬರಬೇಕು!"

ಒಂದು ಕ್ಷಣ ಯಾರಿಗೂ ತಿಳಿಯಲಿಲ್ಲ. ಆಮೇಲೆ ತಿಳಿಯಿತು. ನಾಲ್ಕು ಹಾರ್ನಿನ ಸದ್ದನ್ನೂ ಮುಚ್ಚುವ ಹಾಗೆ ನಗೆ ಎದ್ದಿತು. ನನ್ನ ಜನ್ಮದಲ್ಲಿ ಅಷ್ಟು ದೊಡ್ಡ ನಗೆ ನನಗೆ ಸಿಕ್ಕಿರಲಿಲ್ಲ. ಮೂಲೆಯಲ್ಲಿ ಯಾರೋ "ಎಣ್ಣೆ! ಎಣ್ಣೆ!" ಎಂದು ಶುರು ಮಾಡಿದ. ಚಪ್ಪಾಳೆಗೆ ತಕ್ಕ ಹಾಗೆ ಇಡೀ ಗದ್ದೆ ಕೂಗಿತು. ಭಟ್ಕಳದಿಂದ ಬಂದವರೂ ಕೂಗಿದರು. ರೆಫ್ರಿ ಎದ್ದು ನಿಂತರು. ನನ್ನ ಕಡೆ ನೋಡಲಿಲ್ಲ. ಗದ್ದೆಯಂಚಿನ ಕಡೆ ನೋಡಿದರು. ಭಾವ ಕೊಡೆ ಮಡಚುತ್ತಿದ್ದರು. ಜನರು ಅವರಿಗೆ ದಾರಿ ಬಿಟ್ಟು, ಬಗ್ಗಿ ಬಗ್ಗಿ ಸಲಾಂ ಮಾಡಿ ನಗುತ್ತಿದ್ದರು. ಅವರು ತಲೆ ತಗ್ಗಿಸಿ ಹೆದ್ದಾರಿಯ ಕಡೆ ನಡೆದರು. ಆಮೇಲೆ ಯಾವ ಪಂದ್ಯಕ್ಕೂ ಬರಲಿಲ್ಲ.

ರೆಫ್ರಿ ಉಳಿದ ನಿಮಿಷಗಳನ್ನು ಪೂರ್ತಿ ಆಡಿಸಿ ಸೀಟಿ ಊದಿದರು.

ಆ ಮಾತನ್ನು ಯಾರೋ ಮೊಬೈಲಿನಲ್ಲಿ ಹಿಡಿದಿದ್ದರು. ವಾರದೊಳಗೆ ಅದು ಎಲ್ಲರ ವಾಟ್ಸಾಪಿಗೆ ಬಂತು. ನಾನೂ ಮೂವರಿಗೆ ಕಳಿಸಿದೆ, ಇದನ್ನೂ ಬರೆದಿಡುತ್ತೇನೆ. ತಿಂಗಳ ನಂತರ ಹೊನ್ನಾವರದಿಂದ ಬಸ್ಸಿನಲ್ಲಿ ಬರುತ್ತಿದ್ದಾಗ ಹಿಂದಿನ ಸೀಟಿನಲ್ಲಿ ಕಾಲೇಜಿನ ಹುಡುಗರು ಅದನ್ನೇ ಜೋರಾಗಿ ಹಾಕಿದರು. ನನ್ನ ಧ್ವನಿ ಬಸ್ಸೆಲ್ಲ ತುಂಬಿತು. ನಾನು ಒಳಗೊಳಗೇ ಹಿಗ್ಗಿ, ಯಾರಾದರೂ ಗುರುತು ಹಿಡಿದರೇ ಎಂದು ಸುತ್ತ ನೋಡಿದೆ. ಎರಡು ಸೀಟಿನ ಮುಂದೆ, ಕಿಟಕಿಯ ಪಕ್ಕ, ಕಾಲ ಬಳಿ ಖಾಲಿ ಚೀಲ ಇಟ್ಟುಕೊಂಡು ರೆಫ್ರಿ ಕೂತಿದ್ದರು. ಅವರ ಕಿವಿ ಕೆಂಪಾಗಿದ್ದು ನನಗೆ ಕಂಡಿತು. ಹುಡುಗರು ಅದನ್ನು ಮೂರು ಸಲ ಹಾಕಿದರು. ನಾನು ನನ್ನ ಊರಿಗಿಂತ ಒಂದು ಸ್ಟಾಪ್ ಮೊದಲೇ ಇಳಿದು ಬಿಸಿಲಲ್ಲಿ ನಡೆದು ಮನೆಗೆ ಹೋದೆ.

ಆಮೇಲೆ ಅವರು ಎಲ್ಲಿ ಸೀಟಿ ಹಿಡಿದರೂ ಅದೇ ಕೂಗು. ಆಫ್‌ಸೈಡ್ ಕೊಟ್ಟರೆ ಎಣ್ಣೆ, ಥ್ರೋ ಕೊಟ್ಟರೆ ಎಣ್ಣೆ. ಕುಮಟೆಯ ಒಂದು ಪಂದ್ಯದಲ್ಲಿ ಯಾರೋ ಎಣ್ಣೆ ಬಾಟ್ಲಿ ತಂದು ಅವರು ಎಳೆದ ಗೆರೆಯ ಮೇಲೆ ಸುರಿದರು. ದಿನ ಹೋದಂತೆ ಎಣ್ಣೆ ಸಾಲದಾಯಿತು, ಬೇರೆ ಶಬ್ದಗಳು ಸೇರಿದವು. ಅವನ್ನು ನಾನು ಬರೆಯುವುದಿಲ್ಲ. ಆ ಕೂಗು ಅವರೊಬ್ಬರಿಗೇ ನಿಲ್ಲಲೂ ಇಲ್ಲ. ಸ್ವಲ್ಪ ಮೆತ್ತಗೆ ನಡೆಯುವ ಆಟಗಾರನಿಗೆ, ಗೋಲು ಬಿಟ್ಟ ಕೀಪರಿಗೆ, ಸೋತವರಿಗೆಲ್ಲ ಅದೇ ಬೈಗುಳ. ನಾನು ಇಟ್ಟ ಹೆಸರುಗಳಲ್ಲಿ ಅದರಷ್ಟು ದೂರ ಹೋದದ್ದು ಇನ್ನೊಂದಿಲ್ಲ.

ಪಂದ್ಯಾವಳಿ ಸಮಿತಿ ಸಭೆ ಸೇರಿತು. ಮೈಕಿನವನೆಂದು ನಾನೂ ಸಮಿತಿಯಲ್ಲಿದ್ದೆ. ರೆಫ್ರಿ ಬಂದು ಬಾಗಿಲ ಹತ್ತಿರದ ಕುರ್ಚಿಯಲ್ಲಿ ಕೂತರು. ಅಧ್ಯಕ್ಷರು ಕೆಟ್ಟವರಲ್ಲ, ನಿವೃತ್ತ ನೌಕರರು. "ನೋಡಾ, ಜನ ಅಂದ್ಮೇಲೆ ಕೂಗ್ತ್ರು. ಅವರ ಬಾಯಿ ಹೊಲಿಯೂಕೆ ಆಗ್ತದ್ಯಾ? ನಿನ್ನ ಒಳ್ಳೇದಕ್ಕೇ ಹೇಳ್ತೆ, ಒಂದೆರಡು ವರ್ಷ ಸುಮ್ನಿರು" ಎಂದರು.

ರೆಫ್ರಿ, "ಕೂಗಿದವರು ಅವ್ರು, ಸುಮ್ನಿರುದು ನಾನಾ?" ಎಂದರು.

ಅವರು ಮತ್ತೆ ಹೇಳಿದರು: "ನಂಗೆ ಬೇರೆ ಎಂತೂ ಬೇಡ. ಮುಂದಿನ ಪಂದ್ಯಕ್ಕೆ ಮೊದಲು ಮೈಕಣ್ಣ ಮೈಕಲ್ಲಿ ಒಂದ್ ಮಾತು ಹೇಳ್ಲಿ. ಅಂದದ್ದು ತಪ್ಪಾತು ಅಂತ. ಇನ್ನು ಕೂಗಿದ್ರೆ ಆಟ ನಿಲ್ತದೆ ಅಂತ. ಅಷ್ಟೇ ಸಾಕು."

ಎಲ್ಲರೂ ನನ್ನ ಕಡೆ ನೋಡಿದರು. ನಾನು, "ತಮಾಷೆಗೆ ಅಂದದ್ದಪ್ಪ, ಅದನ್ನ ಎಷ್ಟು ದೊಡ್ಡ ಮಾಡ್ತ್ಯಾ" ಎಂದುಬಿಟ್ಟೆ. ಅವರು ಎದ್ದು ಹೋದರು. ಅವರಿಗೆ ಪಂದ್ಯ ಕೊಡುವುದು ಬೇಡ ಎಂದು ತೀರ್ಮಾನವಾಯಿತು. ನಾನೂ ಕೈ ಎತ್ತಿದೆ.

ಎರಡು ವರ್ಷ ಅವರು ಗದ್ದೆಗೆ ಬರಲಿಲ್ಲ. ಬಂದ ಬೇರೆ ರೆಫ್ರಿಗಳ ಆಟಕ್ಕೆ ಹೊಡೆದಾಟ ಹೆಚ್ಚಾಯಿತು. ಕೊನೆಗೆ ಒಂದು ಸೆಮಿಫೈನಲ್ಲಿಗೆ ಯಾರೂ ಸಿಗದೆ ಸಮಿತಿಯೇ ಅವರನ್ನು ಕರೆಸಿತು. ಬಂದರು. ಬೆಳಿಗ್ಗೆ ಸುಣ್ಣದ ಚೀಲದೊಂದಿಗೇ ಬಂದರು. ಗೆರೆ ಎಳೆದರು. ನಾನು ಚಾ ಕುಡಿಯಲು ಕರೆದರೆ, "ಆತು, ಆಮೇಲೆ" ಎಂದರು.

ಅದೇ ಭಟ್ಕಳದ ತಂಡ ಮತ್ತು ಕುಮಟೆಯ ಒಂದು ತಂಡ. ಆಟ ಶುರುವಾಗಿ ಹತ್ತು ನಿಮಿಷಕ್ಕೆ ಕೂಗು ಎದ್ದಿತು. ಈ ಸಲ ರೆಫ್ರಿ ಲೇಸು ಕಟ್ಟಲು ಬಗ್ಗಲಿಲ್ಲ. ಉದ್ದಕ್ಕೆ ಸೀಟಿ ಊದಿ, ಚೆಂಡನ್ನು ಕಂಕುಳಲ್ಲಿ ಇಟ್ಟುಕೊಂಡು, ನೆಟ್ಟಗೆ ನನ್ನ ಮೇಜಿನ ಬಳಿ ಬಂದರು. ಮೂರು ಅಡಿ ದೂರದಲ್ಲಿ ನಿಂತರು. ಉಸಿರು ಸಿಳ್ಳೆ ಹೊಡೆದಂತೆ ಬರುತ್ತಿತ್ತು.

"ಆಟ ನಿಲ್ಸಿದ್ದೆ. ಎಂತಕ್ಕೆ ನಿಲ್ಸಿದ್ದು ಅಂತ ಹೇಳಿ ಮೈಕಣ್ಣ."

ಮೈಕ್ ನನ್ನ ಕೈಯಲ್ಲೇ ಇತ್ತು. ಪಕ್ಕದಲ್ಲಿ ಅಧ್ಯಕ್ಷರು ನನ್ನ ತೊಡೆ ಒತ್ತಿ, "ಸುಮ್ನಿರು ಮಾರಾಯಾ, ಗಲಾಟೆ ಆಗ್ತದೆ" ಎಂದರು. ಜನ ನನ್ನ ಕಡೆ ನೋಡುತ್ತಿದ್ದರು. ನಾನು ಗಂಟಲು ಸರಿಮಾಡಿಕೊಂಡು, ಒಳ್ಳೆಯ ಪುಸ್ತಕದ ಕನ್ನಡದಲ್ಲಿ ಹೇಳಿದೆ: "ತಾಂತ್ರಿಕ ಕಾರಣದಿಂದ ಆಟವನ್ನು ಸ್ವಲ್ಪ ಹೊತ್ತು ನಿಲ್ಲಿಸಲಾಗಿದೆ. ಪ್ರೇಕ್ಷಕರು ಸಹಕರಿಸಬೇಕು."

ಮೈಕಿನವರ ಅಭ್ಯಾಸ ಅದು. ಕರೆಂಟು ಹೋದರೂ ಅದೇ, ಮಂತ್ರಿ ಬಾರದಿದ್ದರೂ ಅದೇ. ಏನನ್ನು ಬೇಕಾದರೂ ಅದರಡಿ ಮುಚ್ಚಬಹುದು.

ರೆಫ್ರಿ ನನ್ನನ್ನು ನೋಡಿದರು. ಬೈದಿದ್ದರೆ ಚೆನ್ನಾಗಿತ್ತು. ಚೆಂಡನ್ನು ನನ್ನ ಮೇಜಿನ ಮೇಲಿಟ್ಟರು. ಮಣಿಕಟ್ಟಿಗೆ ಕಟ್ಟಿದ್ದ ಸೀಟಿಯ ದಾರ ಬಿಚ್ಚಿ ಕಿಸೆಗೆ ಹಾಕಿಕೊಂಡರು. ಗದ್ದೆ ದಾಟಿ ಹೆದ್ದಾರಿಗೆ ಹೋಗಿ ಬಸ್ಸಿಗೆ ಕೈ ಅಡ್ಡ ಮಾಡಿ ನಿಂತರು. ಭಟ್ಕಳದ ಕ್ಯಾಪ್ಟನ್ ಹುಡುಗ ಬೂಟಿನಲ್ಲೇ ಅವರ ಹಿಂದೆ ಓಡಿದ. ಏನು ಮಾತಾಯಿತೋ ಗೊತ್ತಿಲ್ಲ. ಬಸ್ಸು ಹೋಯಿತು. ಹುಡುಗ ಹಿಂದೆ ಬಂದು ತನ್ನವರಿಗೆ ಚೀಲ ಕಟ್ಟಲು ಹೇಳಿದ. ಅಧ್ಯಕ್ಷರು, "ಆಟ ಬಿಟ್ಟು ಹೋದ್ರೆ ಮುಂದಿನ ವರ್ಷ ನಿಮಗೆ ಪ್ರವೇಶ ಇಲ್ಲ" ಎಂದು ಹೆದರಿಸಿದರು.

"ಬೇಡ ಸರ್. ಆ ಸರ್ ಇಲ್ಲಾಂದ್ರೆ ನಾವು ಆಡೂದಿಲ್ಲ" ಎಂದ ಹುಡುಗ. ಆಮೇಲೆ ನನ್ನ ಕಡೆ ತಿರುಗಿ, "ಚಾಚಾ, ಮೈಕು ಸರಿಯಾಗೇ ಇತ್ತಲ್ಲ? ತಾಂತ್ರಿಕ ಅಂತ ಸುಳ್ಳು ಯಾಕೆ ಹೇಳ್ದ್ರಿ?" ಎಂದ. ಮತ್ತೆ ತುಸು ತಗ್ಗಿದ ದನಿಯಲ್ಲಿ, "ನಾನೇನು ದೊಡ್ಡವ ಅಲ್ಲ. ಆ ಫೈನಲ್ ದಿನ ನಾನೂ ಕೂಗಿದ್ದೆ. ಈಗ ರಸ್ತೇಲಿ ಅವರಿಗೆ ಅದನ್ನೇ ಹೇಳಿ ಬಂದೆ" ಎಂದ.

ಇಪ್ಪತ್ತೆರಡರ ಆ ಹುಡುಗನಿಗೆ ಹೆದ್ದಾರಿಯ ಅಂಚಿನಲ್ಲಿ ಹೇಳಲು ಬಂದ ಮಾತು ಅರವತ್ತೆಂಟರ ನನಗೆ ಮೈಕ್ ಕೈಯಲ್ಲಿದ್ದೂ ಬರಲಿಲ್ಲ.

ಮರುವರ್ಷ ಜಿಲ್ಲೆಯಿಂದ ಎಲ್ಲ ಸಮಿತಿಗಳಿಗೂ ಒಂದು ಕಾಗದ ಬಂತು. ಭಟ್ಕಳದ ಹುಡುಗರು ಬರೆದ ದೂರು ಮೇಲೆ ಮುಟ್ಟಿತ್ತು ಎಂದು ಆಮೇಲೆ ತಿಳಿಯಿತು. ಪ್ರತಿ ಆಟಕ್ಕೂ ಮೊದಲು ಮೈಕಿನಲ್ಲಿ ಓದಬೇಕು ಎಂದಿತ್ತು. ಆಟಗಾರರನ್ನಾಗಲಿ ರೆಫ್ರಿಗಳನ್ನಾಗಲಿ ಜಾತಿ, ಧರ್ಮ, ಬಣ್ಣ, ಲೈಂಗಿಕತೆಯ ಹೆಸರಿನಲ್ಲಿ ಹೀಯಾಳಿಸಿ ಕೂಗಿದರೆ ಮೊದಲು ಎಚ್ಚರಿಕೆ, ಎರಡನೆಯ ಸಲ ಆಟ ನಿಲ್ಲಿಸಿ ಆಟಗಾರರು ಮೈದಾನದ ಹೊರಗೆ, ಮೂರನೆಯ ಸಲ ಆಟ ರದ್ದು. ಅಧ್ಯಕ್ಷರು ಪೆನ್ನು ತೆಗೆದು ಒಂದು ಶಬ್ದಕ್ಕೆ ಅಡ್ಡ ಗೀಟು ಹಾಕಿದರು. "ಹೆಂಗಸ್ರು ಮಕ್ಕಳು ಕೇಳ್ತ್ರು. ಇದೊಂದು ಬಿಟ್ಟು ಓದು." ನಾನು ಬಿಟ್ಟು ಓದಿದೆ. ನನ್ನ ಎಣ್ಣೆಯ ಮಾತನ್ನೂ ಹೆಂಗಸರು ಮಕ್ಕಳು ಕೇಳಿದ್ದರು ಎಂಬುದು ಅವರಿಗೂ ನೆನಪಾಗಲಿಲ್ಲ, ನಾನೂ ನೆನಪಿಸಲಿಲ್ಲ. ಆ ವರ್ಷ ಇಡೀ ಹಾಗೇ ಓದಿದೆ. ಜನ ಜಾತಿ ಎತ್ತಿ ಕೂಗುವುದನ್ನು ಬಿಟ್ಟರು. ಉಳಿದದ್ದು ಹಾಗೇ ನಡೆಯಿತು, ಅದನ್ನು ಯಾರೂ ಬೇಡ ಎಂದಿರಲಿಲ್ಲವಲ್ಲ.

ಕಳೆದ ಮಳೆಗಾಲದ ಕೊನೆಗೆ ರೆಫ್ರಿಗೆ ಕಾಯಿಲೆ ಜೋರು ಎಂದು ಸುದ್ದಿ ಬಂತು. ಭಟ್ಟಿಯ ಹೊಗೆ ಎದೆಯಲ್ಲಿ ಕೂತಿತ್ತು. ನಾನು ಹೋದೆ. ಭಾವ ಬಾಗಿಲು ತೆರೆದು ಪಕ್ಕಕ್ಕೆ ಸರಿದರು. ರೆಫ್ರಿ ಮಂಚದ ಮೇಲೆ ದಿಂಬಿಗೆ ಒರಗಿ ಕೂತಿದ್ದರು. ಬಡಕಲಾಗಿದ್ದರು. ನಾನು ಮಂಚದ ಪಕ್ಕ ಕೂತು, ಅವರ ಹತ್ತಿರಕ್ಕೆ ಬಗ್ಗಿ, ಆರು ವರ್ಷ ಕಟ್ಟಿಟ್ಟಿದ್ದನ್ನು ಹೇಳಿದೆ. ತಪ್ಪಾತು, ನಿಮ್ಮ ಮನೆಯಲ್ಲಿ ಉಂಡು ನಿಮ್ಮನ್ನೇ ಮಾರಿದೆ, ಕ್ಷಮಿಸಿ ಎಂದೆ. ಬಾಯಿಗೆ ಬಹುವಚನ ಬಂದದ್ದು ಆಗಲೇ.

ಅವರು ಉಸಿರು ಕೂಡಿಸಿಕೊಳ್ಳಲು ತುಂಬ ಹೊತ್ತು ತೆಗೆದುಕೊಂಡರು. "ಮೈಕಲ್ಲಿ ಅಂದದ್ದನ್ನ ಕಿವೀಲಿ ವಾಪಸ್ ತಗಳೂಕೆ ಆಗ್ತದ್ಯಾ ಮೈಕಣ್ಣ?" ಎಂದರು. ಸಿಟ್ಟು ಇರಲಿಲ್ಲ. ಗೋಲು ಯಾಕಲ್ಲ ಎಂದು ಆಟಗಾರನಿಗೆ ತಿಳಿಸಿ ಹೇಳುವಾಗಿನ ದನಿ ಅದು. "ನಂಗೇನು, ನಾ ಮರ್ತೆ. ಆದ್ರೆ ಇವ ಆರು ವರ್ಷ ಆತು ಕುಮಟೆ ಪೇಟೆಗೂ ಹೋಗುದಿಲ್ಲ. ಇವ ನಿಮ್ಮ ಮಾತು ಕೇಳಿದ್ದು ಗದ್ದೇಲಿ."

"ಬರೂ ಸೀಸನ್ನಿಗೆ ಮೊದಲ ಆಟದ ದಿನವೇ ಹೇಳ್ತೆ" ಎಂದೆ. ಆಣೆ ಮಾಡಲು ಕೈ ಚಾಚಿದೆ.

"ಆಣೆ ಎಲ್ಲ ಬೇಡ. ಹೇಳಿ. ನಾನೂ ಬರ್ತೆ ಕೇಳೂಕೆ."

ಬರಲಿಲ್ಲ. ಗದ್ದೆ ಕೊಯ್ಲಿಗೆ ಬರುವ ಮೊದಲೇ ತೀರಿಕೊಂಡರು. ದೂರದ ಊರಿನಿಂದ ಅಣ್ಣನ ಮಗ ಬಂದು ಕೊಳ್ಳಿ ಇಟ್ಟ. ಭಾವ ಹಿಂದಿನ ಸಾಲಿನಲ್ಲಿ, ನೆರೆಯವರ ನಡುವೆ ನಿಂತಿದ್ದರು. ಭಟ್ಕಳದ ಹುಡುಗರು ಒಂದು ಟೆಂಪೋದಲ್ಲಿ ಬಂದು ಸ್ಮಶಾನದ ಗೇಟಿನ ಹೊರಗೆ ನಿಂತಿದ್ದರು.

ಸೀಸನ್ನಿನ ಮೊದಲ ಆಟ ಒಂದು ಭಾನುವಾರ ಬೆಳಿಗ್ಗೆ ಇತ್ತು. ಬೇರೆ ಯಾರೋ ಡಬ್ಬದಲ್ಲಿ ಎಳೆದ ಗೆರೆ ವಾಲಿತ್ತು. ನಾನು ಜಿಲ್ಲೆಯ ಕಾಗದ ತೆಗೆದು, ಗೀಟು ಹಾಕಿದ ಶಬ್ದವನ್ನೂ ಸೇರಿಸಿ ಪೂರ್ತಿ ಓದಿದೆ. ಅಧ್ಯಕ್ಷರು ತಲೆ ಎತ್ತಿದರು. ನಾನು ನಿಲ್ಲಿಸಲಿಲ್ಲ. "ಇದೇ ಮೈಕಿನಲ್ಲಿ ನಾನು ನಮ್ಮ ರೆಫ್ರಿಯವರ ಬಗ್ಗೆ, ಅವರ ಮನೆಯವರ ಬಗ್ಗೆ ಒಂದು ಹೊಲಸು ಮಾತು ಆಡಿದ್ದೆ. ನೀವೆಲ್ಲ ಕೇಳಿ ನಕ್ಕಿದ್ದಿರಿ. ಆ ದಿನ ಚೆಂಡು ಕೈಗೆ ತಾಗಿತ್ತು, ನಾನು ಕಂಡಿದ್ದೆ. ಅವರು ಸರಿ ಇದ್ದರು. ನಾನು ಅವರ ಮನೆಯಲ್ಲಿ ಕಂಡದ್ದರಲ್ಲಿ ನಗುವಂಥದ್ದು ಏನೂ ಇರಲಿಲ್ಲ. ಇಬ್ಬರು ಮನುಷ್ಯರು ಒಬ್ಬರನ್ನೊಬ್ಬರು ನೋಡಿಕೊಳ್ಳುತ್ತಿದ್ದರು..."

ಇನ್ನೂ ಹೇಳುವುದಿತ್ತು. ಹಿಂದಿನಿಂದ ಯಾರೋ ಒಬ್ಬ "ಎಣ್ಣೆ!" ಎಂದು ಕೂಗಿದ. ಇಬ್ಬರೋ ಮೂವರೋ ಕಿಸಕ್ಕೆಂದರು. ಆ ದಿನ ಸೀಟಿ ಹಿಡಿದಿದ್ದ ಹೊಸ ರೆಫ್ರಿ, ಎಳೆಯ ಹುಡುಗ, ಕೂಗು ಬಂದ ಕಡೆ ತಿರುಗಿ ಸೀಟಿ ಊದಿ ಒಂದು ಬೆರಳು ಎತ್ತಿದ. ಮೊದಲನೆಯ ಎಚ್ಚರಿಕೆ. ಅಷ್ಟರಲ್ಲಿ ನನ್ನ ಧ್ವನಿ ಸತ್ತಿತು. ಅಧ್ಯಕ್ಷರು ಆಂಪ್ಲಿಫೈಯರಿನ ವಯರು ಕಿತ್ತಿದ್ದರು. "ಹುಚ್ಚು ಹಿಡೀತಾ ನಿಂಗೆ? ಮುದಿ ವಯಸ್ಸಲ್ಲಿ ಊರ ಮರ್ಯಾದೆ ತೆಗೀತ್ಯಲ್ಲ!" ಎಂದರು. ಆ ಸೀಸನ್ನಿಗೆ ಅವರು ಬೇರೆ ಮೈಕಿನವರನ್ನು ಕರೆಸಿದರು.

ಮರುದಿನ ಅಘನಾಶಿನಿಗೆ ಹೋದೆ. ಭಾವ ಅಂಗಳದಲ್ಲಿ ಚಿಪ್ಪಿ ಹರಡುತ್ತಿದ್ದರು. ಭಟ್ಟಿ ತಣ್ಣಗಿತ್ತು. ಸುಡುವವರಿಲ್ಲದೆ ಚಿಪ್ಪಿಯನ್ನು ಹಾಗೇ ಬೇರೆಯವರಿಗೆ ಕೊಡುತ್ತಿದ್ದರಂತೆ. ನಾನು ನಿಂತುಕೊಂಡೇ ನಡೆದದ್ದನ್ನೆಲ್ಲ ಹೇಳಿದೆ. ಮೈಕಿನಲ್ಲೇ ಹೇಳಿದೆ, ಎಂದೆ. ಹೊಗಳಲಿ ಎಂದು ಅಲ್ಲ. ಇರಬಹುದು, ಸ್ವಲ್ಪ ಅದಕ್ಕೂ ಇರಬಹುದು.

ಅವರು ಬಗ್ಗಿಕೊಂಡೇ ಕೇಳಿದರು. "ಎಷ್ಟ್ ಜನ ಇದ್ರು?"

"ಮೊದಲ ಆಟ, ಬೆಳಿಗ್ಗೆ. ಒಂದು ಇನ್ನೂರು ಇರಬಹುದು."

"ಆ ದಿನ?"

"ಎರಡು ಸಾವಿರ."

ಅವರು ಕೈಯಲ್ಲಿದ್ದ ಬುಟ್ಟಿ ಕೆಳಗಿಟ್ಟು ಮೊದಲ ಸಲ ನನ್ನ ಮುಖ ನೋಡಿದರು. "ಹಂಗಾರೆ ಸುಮಾರ್ ಜನ್ರಿಗೆ ಇನ್ನೂ ಗೊತ್ತಾಗ್ಲಿಲ್ಲ" ಎಂದರು. ಮತ್ತೆ ಬಗ್ಗಿ ಚಿಪ್ಪಿ ಹರಡತೊಡಗಿದರು.

ಅಂದಿನಿಂದ ಪಂದ್ಯ ಇದ್ದಲ್ಲಿಗೆಲ್ಲ ಹೋಗಿ ಎರಡು ನಿಮಿಷ ಮೈಕು ಕೇಳುತ್ತಿದ್ದೇನೆ. ಭಟ್ಕಳದಲ್ಲಿ ಕೊಟ್ಟರು. ಹೊನ್ನಾವರದಲ್ಲಿ ಆಟ ಮುಗಿದು ಜನ ಎದ್ದ ಮೇಲೆ ಕೊಟ್ಟರು. ಕುಮಟೆಯವರು "ಬ್ಯಾರೆ ಎಂತಾರು ಹೇಳಿ, ಆ ವಿಷಯ ಬೇಡ ಮಾರಾಯ್ರೆ" ಎಂದು ಕೈ ಮುಗಿದರು. ನನಗೀಗ ಎಪ್ಪತ್ತು ದಾಟಿದೆ. ಎರಡು ಸಾವಿರ ಜನ ಒಂದೇ ಗದ್ದೆಗೆ ಮತ್ತೆ ಬರುವುದಿಲ್ಲ. ಒಬ್ಬೊಬ್ಬರನ್ನೇ ಹುಡುಕಿ ಹೇಳುವಷ್ಟು ಆಯುಷ್ಯವೂ ಇಲ್ಲ. ಅದಕ್ಕೇ ಇದನ್ನು ಬರೆದೆ. ಬರುವ ಭಾನುವಾರ ಕುಮಟೆಗೆ ಇನ್ನೊಂದು ಸಲ ಹೋಗಿ ಕೇಳುತ್ತೇನೆ.